ಮಾಮೂಲಿನ ಚಕ್ರ

ವರ್ಲೀನ್ ಗ್ಯಾಡಿಸ್‌ಳ ಎಡಗಾಲಿನ ಸ್ಕೇಟು ಮುರಿದದ್ದು ಸ್ಕೇಟಿಂಗ್ ರಿಂಕಿನ ನೆಲದ ಮೇಲಲ್ಲ, ಅವಳ ಅಡುಗೆಮನೆಯಲ್ಲಿ. ಭಾನುವಾರ ಚರ್ಚಿನಿಂದ ಬಂದು, ಹ್ಯಾಟು ತೆಗೆದಿಟ್ಟು, ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಳು. ಹಿಮ್ಮಡಿಯ ಹತ್ತಿರ ತುಸು ಒತ್ತಿ ಉಜ್ಜಿದಳು, ಅಷ್ಟೆ. ನಾಲ್ಕು ಚಕ್ರ ಹೊತ್ತ ಲೋಹದ ಪ್ಲೇಟು ಬೂಟಿನ ಅಟ್ಟೆಯಿಂದ ಕಳಚಿ ಕೈಗೆ ಬಂತು. ತಿರುಪುಗಳು ಮುದುಕರ ಹಲ್ಲಿನಂತೆ, ಒಂದು ತೊಟ್ಟು ರಕ್ತವೂ ಇಲ್ಲದೆ ಉದುರಿದವು. ಅಟ್ಟೆಯ ಚರ್ಮ ಒಳಗೊಳಗೇ ಕೊಳೆತು ಹೋಗಿತ್ತು.

ಹಾಗೆ ನೋಡಿದರೆ ಪಾಲಿಶ್ ಹಚ್ಚುವ ಅಗತ್ಯವೇ ಇರಲಿಲ್ಲ. ಜೊತೆಗೆ ಸ್ಕೇಟು ಆಡುತ್ತಿದ್ದ ಕ್ಲೈಟಸ್ ಸತ್ತ ಮೇಲೆ ಅವಳು ರಿಂಕಿಗೆ ಕಾಲಿಟ್ಟಿರಲಿಲ್ಲ. ಚಳಿಗಾಲ ಕಳೆದು ಬೇಸಿಗೆಯೂ ಮುಗಿಯುತ್ತ ಬಂದಿತ್ತು. ಪ್ರತಿ ಭಾನುವಾರ ಬೂಟು ಹೊಳೆಯುತ್ತಿತ್ತು, ಬಾಗಿಲ ಬಳಿಯ ಚೀಲ ಸೇರುತ್ತಿತ್ತು, ಸಂಜೆ ಮತ್ತೆ ಕಪಾಟು ಸೇರುತ್ತಿತ್ತು. ಈಗ ಪ್ಲೇಟೇ ಕೈಗೆ ಬಂದ ಮೇಲೆ ಹಾಗೆ ನಟಿಸುವುದಕ್ಕೂ ದಾರಿ ಉಳಿಯಲಿಲ್ಲ. ಹೊಸ ಸ್ಕೇಟು ಕಟ್ಟಿಸಬೇಕು, ಇಲ್ಲವೇ ಇಷ್ಟು ವರ್ಷದ ಆಟ ಮುಗಿಯಿತೆಂದು ಒಪ್ಪಿಕೊಳ್ಳಬೇಕು.

ಶಿಕಾಗೋದ ಸೌತ್ ಸೈಡಿನಲ್ಲೇ ಹುಟ್ಟಿ ಬೆಳೆದವಳು ಅವಳು. ಅಪ್ಪ, ಅಮ್ಮ ಮಿಸಿಸಿಪ್ಪಿಯಿಂದ ರೈಲು ಹತ್ತಿ ಬಂದವರು. ದೊಡ್ಡ ಅಂಚೆ ಕಛೇರಿಯಲ್ಲಿ ಕಾಗದ ವಿಂಗಡಿಸುತ್ತ ನಿಂತೇ ಕೆಲಸ ಮಾಡಿ ನಿವೃತ್ತಳಾದಳು. ಗಂಡ ಎನ್ನುವವನೊಬ್ಬ ಕೆಲವು ಕಾಲ ಇದ್ದ, ಆಮೇಲೆ ಇರಲಿಲ್ಲ. ಆ ಬಗ್ಗೆ ಅವಳು ಇದಕ್ಕಿಂತ ಹೆಚ್ಚು ಹೇಳಿದ್ದನ್ನು ಯಾರೂ ಕೇಳಿಲ್ಲ. ಮಕ್ಕಳಿಲ್ಲ. ವಾರದಲ್ಲಿ ಆರು ದಿನ ಕಾಲು ನೆಲಕ್ಕೆ ಅಂಟಿರುತ್ತಿತ್ತು, ಏಳನೆಯ ದಿನ ಅದರ ಕೆಳಗೆ ಚಕ್ರ ಇರುತ್ತಿತ್ತು. ಅವಳ ಬದುಕನ್ನು ಹೇಳಲು ಇಷ್ಟು ಸಾಕು, ಆ ಏಳನೆಯ ದಿನದ ಕಥೆಯೊಂದನ್ನು ಬಿಟ್ಟು.

ಏಳನೆಯ ದಿನ ಅವಳು ಒಬ್ಬಳಲ್ಲ, ಮೂವರಲ್ಲಿ ಒಬ್ಬಳು. ಆ ಊರಿನ ರಿಂಕುಗಳಲ್ಲಿ ತ್ರಿವಳಿಗಳದ್ದೇ ಒಂದು ಗತ್ತು. ಮೂವರು ತೋಳಿಗೆ ತೋಳು ಹೆಣೆದು, ಒಂದೇ ಹೆಜ್ಜೆಯಲ್ಲಿ ತೇಲಿ, ತಿರುವಿನಲ್ಲಿ ಒಟ್ಟಿಗೆ ಜಾರಿ, ಒಟ್ಟಿಗೆ ಹಿಂದಿರುಗಿ ಸುತ್ತು ಹೊಡೆಯುತ್ತಾರೆ. ಹೊರ ಅಂಚಿಗೆ ಕ್ಲೈಟಸ್, ಒಳ ಅಂಚಿಗೆ ಡೊರೀಥಾ, ನಡುವೆ ವರ್ಲೀನ್. ಮೂವರೂ ಅಂಚೆ ಕಛೇರಿಯವರೇ. ರಿಂಕಿನ ಜನ ಅವರಿಗೆ ಮುಕ್ಕಾಲಿ ಎಂದು ಹೆಸರಿಟ್ಟಿದ್ದರು. ಹೆಸರು ಸರಿಯಾಗಿಯೇ ಇತ್ತು. ನಾಲ್ಕು ಕಾಲಿನ ಕುರ್ಚಿಯ ಒಂದು ಕಾಲು ಹೋದರೆ ಹೇಗೋ ಗೋಡೆಗೆ ಒರಗಿಸಿ ನಿಲ್ಲಿಸಬಹುದು. ಮುಕ್ಕಾಲಿ ಬೀಳುತ್ತದೆ.

ಕ್ಲೈಟಸ್ ಪಾರ್ಶ್ವವಾಯು ಬಡಿದು ಸತ್ತ. ಶವಪೆಟ್ಟಿಗೆಯಲ್ಲಿ ಅವನ ಕಾಲ ಬಳಿ ಸ್ಕೇಟು ಇಟ್ಟಿದ್ದರು. ಅದರ ಚಕ್ರಕ್ಕೆ ಅಂಟಿದ್ದ ಧೂಳನ್ನು ಯಾರೂ ಒರೆಸಿರಲಿಲ್ಲ. ವರ್ಲೀನ್ ಅಳಲಿಲ್ಲ, ಕರ್ಚೀಫು ತೆಗೆದು ಚಕ್ರ ಒರೆಸಿ ಬಂದಳು. ಡೊರೀಥಾ ಆ ವಸಂತದಲ್ಲೇ ಮಗಳ ಹಿಂದೆ ಜಾರ್ಜಿಯಾಕ್ಕೆ ಹೋದಳು.

ಸ್ಕೇಟು ಕಟ್ಟುವ ಲೂಷಸ್‌ನ ಅಂಗಡಿ ಚರ್ಮದ, ಯಂತ್ರದ ಎಣ್ಣೆಯ ವಾಸನೆಯ ಒಂದು ಉದ್ದನೆಯ ಕೋಣೆ. ಅವನು ಬಾಯಿಬಡುಕ. ಮೊದಲು ಅಂಗಡಿ ನಡೆಸುತ್ತಿದ್ದ ಅವನ ಚಿಕ್ಕಪ್ಪನೂ ಹಾಗೇ ಇದ್ದ.

“ಬನ್ನಿ ಮಿಸ್ ವರ್ಲೀನ್. ನೀವು ಸ್ವರ್ಗಕ್ಕೆ ಹೋದ್ರೇನೋ ಅಂದ್ಕೊಂಡಿದ್ದೆ.”

“ಅಲ್ಲಿ ನೆಲ ಸರಿಯಿಲ್ಲವಂತೆ, ವಾಪಸ್ ಬಂದೆ.” ಕಳಚಿದ ಸ್ಕೇಟನ್ನು ಕೌಂಟರಿನ ಮೇಲಿಟ್ಟಳು. “ಹೊಸದು ಕಟ್ಟು. ಬೂಟಿಂದ ಹಿಡಿದು.”

ಅವನು ಅಟ್ಟೆಯ ತೂತಿಗೆ ಬೆರಳು ತೂರಿಸಿ ನೋಡಿ ನಾಲಿಗೆ ಲೊಚಗುಟ್ಟಿದ. ಆಮೇಲೆ ಒಂದೊಂದೇ ಭಾಗ ಇಳಿಸತೊಡಗಿದ.

“ಹೆಂಗಸರಿಗೆ ಬಿಳೀ ಬೂಟು ಬಂದಿದೆ, ಒಳ್ಳೇ ಚರ್ಮ.”

“ನಾನೇನು ಮದುವೆ ಹೆಣ್ಣಾ? ಕಪ್ಪು ಕೊಡು. ಕಣಕಾಲು ಮುಚ್ಚೋದು.”

“ಪ್ಲೇಟು ನೈಲಾನಿಂದು ಹಾಕಲಾ? ಹೂವಿನ ಥರ ಹಗುರ.”

“ಹೂವಿನ ಥರಾನೇ ಬಗ್ಗುತ್ತೆ. ಅಲ್ಯೂಮಿನಿಯಂ.”

“ಮುಂದೆ ಬ್ರೇಕಿನ ರಬ್ಬರು?”

ಇದು ಕೀಟಲೆ. ಬೂಟಿನ ಮೂತಿಗೆ ಬ್ರೇಕು ಕಟ್ಟಿಕೊಂಡು ಬರುವವರು ಹೊಸಬರು, ಮಕ್ಕಳು. ಉಳಿದವರು ಆ ತೂತಿಗೆ ಒಂದು ಗಿಡ್ಡ ಬಿರಡೆ ಬಡಿದು ಕಾಲಿನಲ್ಲೇ ನಿಲ್ಲುತ್ತಾರೆ.

“ಹಾಕಪ್ಪಾ. ಜೊತೆಗೊಂದು ಊರುಗೋಲೂ ಕಟ್ಟಿಬಿಡು.”

ಲೂಷಸ್ ನಕ್ಕ. ಆಮೇಲೆ ಚಕ್ರದ ಕಂಬಿಗೂ ಪ್ಲೇಟಿಗೂ ನಡುವೆ ಕೂರುವ ರಬ್ಬರು ಬಿಲ್ಲೆಗಳ ಡಬ್ಬಿ ತೆರೆದ. ಇದು ಗಟ್ಟಿ ಇದ್ದರೆ ಸ್ಕೇಟು ನೇರ ಓಡುತ್ತದೆ, ಮೆದು ಇದ್ದರೆ ಕಾಲು ವಾಲಿದತ್ತ ತಿರುಗುತ್ತದೆ. ಅವನು ಬಿಲ್ಲೆ ಎತ್ತದೆ ಅವಳ ಮುಖ ನೋಡಿದ.

“ಯಾವುದು ಹಾಕ್ಲಿ? ನಡುವೆ ನಿಲ್ಲೋರಿಗೆ ಹಾಕೋದಾ, ಒಂಟಿಯಾಗಿ ಆಡೋರಿಗೆ ಹಾಕೋದಾ?”

“ನಾನು ಯಾವತ್ತಾದ್ರೂ ಅಂಚಿಗೆ ನಿಂತದ್ದು ನೋಡಿದ್ದೀಯಾ?”

“ಇಲ್ಲ.”

“ಮತ್ತೆ?”

ಅವನು ಗಟ್ಟಿ ಬಿಲ್ಲೆ ಎತ್ತಿಟ್ಟ. ಅವಳು ಹೊಸ ಬೂಟು ಹಾಕಿ ನಿಂತಳು, ಅವನು ಮೊಣಕಾಲೂರಿ ಅಟ್ಟೆಯ ಅಂಚಿಗೆ ಸೀಮೆಸುಣ್ಣದಿಂದ ಗುರುತು ಹಾಕಿದ. ಪ್ಲೇಟು ಎಲ್ಲಿ ಕೂರಬೇಕೆಂದು ಈಗಲೇ ಗೊತ್ತಾಗಬೇಕು. ಒಮ್ಮೆ ತೂತು ಕೊರೆದರೆ ಕೊರೆದ ಹಾಗೆ.

“ಚಕ್ರ?” ಎಂದು ನೆಲದಿಂದಲೇ ಕೇಳಿದ.

“ಮಾಮೂಲಿನದು,” ಎಂದು ಚೀಲ ಹೆಗಲಿಗೇರಿಸಿದಳು.

ಸ್ಕೇಟು ತರಲು ಹೋದ ದಿನ ಕೌಂಟರಿನ ಮೇಲೆ ಬೂಟುಗಳ ಪಕ್ಕ ಮೂರು ರಟ್ಟಿನ ಡಬ್ಬಿಗಳಿದ್ದವು. ಒಂದೊಂದರಲ್ಲೂ ಒಂದೊಂದು ಜತೆ ಸ್ಕೇಟಿಗೆ ಆಗುವಷ್ಟು ಚಕ್ರ.

“ಮೂರು ಯಾಕೆ?” ಎಂದಳು.

“ಮಾಮೂಲಿನದು ಅಂದ್ರಲ್ಲ.”

ತಪ್ಪು ಅವನದಲ್ಲ. ತ್ರಿವಳಿಯ ಚಕ್ರಗಳು ಒಂದೇ ಗಟ್ಟಿತನದವಾಗಿರಬೇಕು, ಒಂದೇ ದಿನ ಒಂದೇ ಯಂತ್ರದಲ್ಲಿ ಕಡೆದು ಒಂದೇ ಅಳತೆಗೆ ತಂದಿರಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಒಬ್ಬರು ಜಾರುವಾಗ ಇನ್ನೊಬ್ಬರು ನೆಲ ಕಚ್ಚಿ ನಿಲ್ಲುತ್ತಾರೆ, ನಡುವಿನವರ ಭುಜ ಕೀಲು ತಪ್ಪುತ್ತದೆ. ಆದ್ದರಿಂದ ಯಾರ ಚಕ್ರ ಸವೆದರೂ ಮೂವರಿಗೂ ಹೊಸದು ಬರುತ್ತಿತ್ತು. ಹೋಗಿ ಹೇಳುವವಳು ವರ್ಲೀನ್. ಆ ಅಂಗಡಿಯಲ್ಲಿ ಅವಳ ಬಾಯಲ್ಲಿ ಮಾಮೂಲಿನದು ಎಂದರೆ ಮೂರು ಜತೆ. ಬೇರೆ ಅರ್ಥ ಅದಕ್ಕೆ ಯಾವತ್ತೂ ಇರಲಿಲ್ಲ.

“ಕ್ಲೈಟಸ್‌ನ ಮಣ್ಣಿಗೆ ನೀನೂ ಬಂದಿದ್ದೆ, ಲೂಷಸ್.”

“ಬಂದಿದ್ದೆ.” ಅವನು ಎಣ್ಣೆಯ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದ. “ಗಟ್ಟಿ ಬಿಲ್ಲೆ ಕೇಳಿದ್ರಿ, ಮಾಮೂಲಿನದು ಅಂದ್ರಿ. ಯಾರೋ ಇಬ್ಬರು ಸಿಕ್ಕಿದ್ದಾರೆ ಅಂದ್ಕೊಂಡೆ. ಖುಷೀನೂ ಪಟ್ಟೆ. ಕಡೆದಾಗಿದೆ, ಆದ್ರೂ ಬಿಡಿ, ಎರಡು ಜತೆ ನಾನೇ ಇಟ್ಕೋತೀನಿ.”

“ಹೇಳಿದವಳು ನಾನು. ಮೂರೂ ಕಟ್ಟು.”

ಮನೆಗೆ ಬಂದು ಡಬ್ಬಿಗಳನ್ನು ಊಟದ ಮೇಜಿನ ಮೇಲಿಟ್ಟಳು. ಒಂದೊಂದು ಕುರ್ಚಿಯ ಮುಂದೆ ಒಂದೊಂದು ಇಟ್ಟದ್ದು ಆಮೇಲೆ ಗಮನಕ್ಕೆ ಬಂದು, ಎತ್ತಿ ಒಂದರ ಮೇಲೊಂದು ಪೇರಿಸಿದಳು. ಡೊರೀಥಾಗೆ ಫೋನು ಮಾಡಿದಳು.

“ನಿನ್ನ ಚಕ್ರ ಬಂದಿದೆ ಕಣೇ.”

“ಯಾವ ಚಕ್ರ?”

ವರ್ಲೀನ್ ನಡೆದದ್ದು ಹೇಳಿದಳು. ಆ ಕಡೆ ಡೊರೀಥಾ ಉಸಿರು ಕಟ್ಟುವ ಹಾಗೆ ನಕ್ಕಳು. “ಅಯ್ಯೋ, ಮಂಡಿಯಲ್ಲಿ ಲೋಹ ಕೂರಿಸಿದ್ದಾರೆ, ನಿನಗೆ ಹೇಳಲಿಲ್ವಾ? ನಿನ್ನ ಬೂಟಿಗೆ ಹೊಸ ಪ್ಲೇಟು, ನನ್ನ ಕಾಲಿಗೆ ಹೊಸ ಪ್ಲೇಟು. ನಾನಿನ್ನು ಆಡೋದಿಲ್ಲಮ್ಮ. ಸ್ಕೇಟು ಮಾರಿಬಿಟ್ಟೆ.”

“ಮಾರಿದ್ಯಾ?”

“ಏನ್ ಮಾಡ್ಲಿ, ಪೂಜೆ ಮಾಡ್ಲಾ?” ಆಮೇಲೆ, “ನೀನೂ ಇಲ್ಲಿಗೇ ಬಂದ್ಬಿಡೇ. ಹಿತ್ತಲಲ್ಲಿ ಪೀಚ್ ಮರ ಇದೆ,” ಎಂದಳು.

“ಪೀಚ್ ಹಣ್ಣು ನನಗೆ ತುರಿಕೆ ಬರಿಸುತ್ತೆ ಅಂತ ನಿನಗೆ ಗೊತ್ತು,” ಎಂದು ವರ್ಲೀನ್ ಫೋನಿಟ್ಟಳು. ಮಂಡಿಯ ಸುದ್ದಿ ಹೇಳದೆ ಬಿಟ್ಟದ್ದಕ್ಕೆ ಸಿಟ್ಟು ಬಂದಿತ್ತು. ಸ್ಕೇಟು ಮಾರಿದ್ದಕ್ಕೆ ಬಂದದ್ದು ಸಿಟ್ಟಲ್ಲ.

ಮರುದಿನ ಭಾನುವಾರ. ಈ ಸಲ ಚೀಲ ಬಾಗಿಲ ಬಳಿಯೇ ಉಳಿಯಲಿಲ್ಲ. ರಿಂಕಿನಲ್ಲಿ ಎಲ್ಲರೂ ಮಾತಾಡಿಸಿದರು. ತಬ್ಬಿದರು. ಕ್ಯಾಂಟೀನಿನ ಹೆಂಗಸು ಕೇಳದೆಯೇ ಕರಿದ ಮೀನಿನ ತಟ್ಟೆ ತಂದಿಟ್ಟಳು. ಹೊಸ ಬೂಟನ್ನು ಹೊಗಳದವರಿಲ್ಲ. ಆಮೇಲೆ ಎಲ್ಲರೂ ತಮ್ಮ ತಮ್ಮ ಜೊತೆಯವರ ಕಡೆ ಹೋದರು. ಅವರಾದರೂ ಇನ್ನೇನು ಮಾಡಬೇಕಿತ್ತು?

ಹಾಡು ಬದಲಿಸುವವನು ಮೈಕಿನಲ್ಲಿ ಕೂಗಿದ: “ಈಗ ತ್ರಿವಳಿಗಳು ಮಾತ್ರ. ಒಂಟಿಗಳು ಗೋಡೆ ಹಿಡೀರಪ್ಪಾ.”

ಈ ಮಾತನ್ನು ಅವಳು ಇಷ್ಟು ವರ್ಷವೂ ಕೇಳಿದ್ದಳು. ಅದರ ಎರಡನೆಯ ಅರ್ಧ ಕಿವಿಗೆ ಬಿದ್ದದ್ದು ಇದೇ ಮೊದಲು. ಗೋಡೆಯತ್ತ ತಿರುಗುತ್ತಿದ್ದಾಗ ಡೆವಾಂಟೆ ಎಂಬವನು, ಬಸ್ಸು ಓಡಿಸುವವನು, ಹೆಂಡತಿ ಶಾನೀಸ್‌ಳ ಕೈ ಹಿಡಿದು ಅಡ್ಡ ಬಂದ.

“ಮಿಸ್ ವರ್ಲೀನ್, ನನ್ ತಮ್ಮ ಇವತ್ತು ಡ್ಯೂಟಿ ಮೇಲಿದ್ದಾನೆ. ನಡುವೆ ಬರ್ತೀರಾ?”

“ನಿಮ್ಮ ಚಕ್ರ ಯಾವುದು?”

“ಸ್ವಲ್ಪ ಹಿಡಿತದ್ದು. ಪರವಾಗಿಲ್ಲ ಬನ್ನಿ, ನಾವು ಎಳ್ಕೋತೀವಿ.”

ಪರವಾಗಿಲ್ಲ ಎನ್ನುವಂಥದ್ದಲ್ಲ ಅದು, ಅವಳಿಗೆ ಗೊತ್ತಿತ್ತು. ಆದರೂ ಹೋದಳು. ಎರಡು ಕಡೆಯೂ ತೋಳು ಸಿಕ್ಕ ಕೂಡಲೇ ಬೆನ್ನು ತಾನಾಗಿ ನೆಟ್ಟಗಾಯಿತು. ನೇರ ಹಾದಿಯಲ್ಲಿ ಎಲ್ಲವೂ ಸರಿಯಿತ್ತು. ತಿರುವಿನಲ್ಲಿ ಅವಳ ಗಟ್ಟಿ ಚಕ್ರ ಜಾರಿತು, ಅವರ ಚಕ್ರ ನೆಲ ಕಚ್ಚಿತು. ಭುಜ ಚುರ್ರೆಂದಿತು. ಅವರು ಬಿಡಲಿಲ್ಲ, ಎತ್ತಿಕೊಂಡೇ ಸುತ್ತು ಮುಗಿಸಿದರು ಎನ್ನಬೇಕು. ಆಮೇಲೆ ಇಬ್ಬರೂ ಬಹಳ ಮರ್ಯಾದೆಯಿಂದ, ಚರ್ಚಿನಲ್ಲಿ ವಯಸ್ಸಾದವರನ್ನು ಆಸನಕ್ಕೆ ತಲುಪಿಸುವಂತೆ, ಅವಳನ್ನು ಗೋಡೆಗೆ ತಂದು ಬಿಟ್ಟರು.

“ಚೆನ್ನಾಗಿತ್ತು ಮಿಸ್ ವರ್ಲೀನ್,” ಎಂದಳು ಶಾನೀಸ್.

“ಸುಳ್ಳು ಹೇಳೋದಾದ್ರೆ ಸಣ್ಣದು ಹೇಳಮ್ಮ,” ಎಂದಳು ವರ್ಲೀನ್. ಚೀಲದಲ್ಲಿ ಎರಡು ಜತೆ ಗಟ್ಟಿ ಚಕ್ರ ಇದ್ದವು. ಯಾಕೆ ತಂದಿದ್ದಳೋ ಅವಳಿಗೇ ಗೊತ್ತು. ಅವನ್ನು ಹೊರಗೆ ತೆಗೆಯಲಿಲ್ಲ. ಅವರಿಗೊಬ್ಬ ತಮ್ಮನಿದ್ದ, ಮುಂದಿನ ವಾರ ಬರುತ್ತಿದ್ದ.

ತ್ರಿವಳಿಗಳು ಸುತ್ತು ಹೊಡೆಯುತ್ತಿದ್ದವು. ಅವಳು ಬೆಂಚಿನ ಮೇಲೆ ಕೂತು ಬಹಳ ಹೊತ್ತು ತನ್ನ ಕಾಲನ್ನೇ ನೋಡಿದಳು. ನೇರ ಓಡಲು ಬಿಗಿದ ಸ್ಕೇಟು. ಅಕ್ಕಪಕ್ಕ ಇಬ್ಬರಿದ್ದರೆ ಅವರೇ ತಿರುಗಿಸುತ್ತಾರೆ. ಇಲ್ಲದಿದ್ದರೆ ಇದು ಗೋಡೆಗೆ ಹೋಗಿ ಹೊಡೆಯುತ್ತದೆ. ಚೀಲದಿಂದ ಪಾನಾ ತೆಗೆದು, ಬಲಗಾಲು ಎಡ ಮೊಣಕಾಲಿನ ಮೇಲೆ ಹಾಕಿಕೊಂಡು, ಬಿಲ್ಲೆಗಳನ್ನು ಅದುಮಿ ಹಿಡಿದಿದ್ದ ನಟ್ಟನ್ನು ಸಡಿಲಿಸಿದಳು. ಇನ್ನೊಂದು. ಆಮೇಲೆ ಎಡಗಾಲಿನದು. ಬಿಲ್ಲೆ ಗಟ್ಟಿಯದೇ, ಎಷ್ಟು ಸಡಿಲಿಸಿದರೂ ಒಂದು ಮಿತಿ. ಆದರೂ ಪಾದ ವಾಲಿಸಿದರೆ ಚಕ್ರ ಕೊಂಚ ಮಾತು ಕೇಳಿತು.

ನೆಲ ಮತ್ತೆ ಎಲ್ಲರಿಗೂ ತೆರೆದಾಗ ಇಳಿದಳು. ಕಾಲಿನ ಬಗ್ಗೆ ಹೆದರಿದ್ದಳು, ಆದರೆ ತೊಂದರೆ ಕೊಟ್ಟದ್ದು ಕೈ. ತೋಳುಗಳಿಗೆ ಏನು ಕೆಲಸವೆಂದೇ ತಿಳಿಯಲಿಲ್ಲ. ಎರಡು ಪಕ್ಕಕ್ಕೂ ತುಸು ಮಡಿಚಿಕೊಂಡು, ಯಾರೋ ಬಂದು ಹೆಣೆಯುತ್ತಾರೆಂದು ಕಾಯುವ ಹಾಗೆ ನಿಂತವು. ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ತಿರುವು ಬಂತು. ಒಳಗೆ ವಾಲಿದಳು. ಕೆಟ್ಟದಾಗಿಯೇ ತಿರುಗಿದಳು, ತಾನಾಗಿಯೇ ತಿರುಗಿದಳು. ಯಾರೂ ನೋಡಲಿಲ್ಲ, ನೋಡುವಂಥದ್ದೇನೂ ಇರಲಿಲ್ಲ. ತ್ರಿವಳಿಗಳನ್ನು ಮತ್ತೆ ಕರೆದಾಗ ಗೋಡೆ ಹಿಡಿದಳು. ಅವರ ಸರದಿ ಮುಗಿದ ಮೇಲೆ ಮತ್ತೆ ಇಳಿದಳು.

ಮಾರನೆಯ ದಿನ ಲೂಷಸ್‌ನ ಅಂಗಡಿಗೆ ಹೋಗಿ ಸ್ಕೇಟನ್ನು ಮಗುಚಿಟ್ಟಳು.

“ಬಿಲ್ಲೆ ಬದಲಾಯಿಸು. ಮೆದು ಹಾಕು.”

ಅವನು ಏನೋ ಕೇಳಲು ಬಾಯಿ ತೆರೆದವನು, ಆ ಒಂದು ಸಲ ಮುಚ್ಚಿಕೊಂಡ. ಹಳೆಯ ಬಿಲ್ಲೆ ತೆಗೆದು ಹೊಸದು ಕೂರಿಸಿದ. ನಟ್ಟು ತಿರುಗಿಸುತ್ತ, “ಆ ಎರಡು ಜತೆ ಚಕ್ರ ಏನ್ ಮಾಡಿದ್ರಿ? ಈಗ್ಲೂ ವಾಪಸ್ ತಗೋತೀನಿ,” ಎಂದ.

“ಮೂವರಿಗೆ ಒಂದು ಸಲ ಆಗೋದು ಒಬ್ಬಳಿಗೆ ಮೂರು ಸಲ ಆಗುತ್ತೆ.”

ಲೂಷಸ್ ಮೇಲೆ ನೋಡಿ ಲೆಕ್ಕ ಹಾಕಿದ. “ಅಷ್ಟೂ ಸವೆಯೋ ಹೊತ್ತಿಗೆ ನಿಮಗೆ ತೊಂಬತ್ತು ದಾಟಿರುತ್ತೆ ಮಿಸ್ ವರ್ಲೀನ್.”

“ದಾಟಲಿ. ಆಗ ಬಂದು ಮಾಮೂಲಿನದು ಅಂತೀನಿ.” ಅವಳು ಸ್ಕೇಟು ಎತ್ತಿ, ಬೆರಳಿನಿಂದ ಒಂದು ಚಕ್ರ ತಿರುಗಿಸಿ, ಅದು ಪೂರ್ತಿ ನಿಲ್ಲುವವರೆಗೆ ಕಾದಳು. “ಆಗ ಒಂದು ಜತೆ ಕಡೆದುಕೊಡು. ತಿಳೀತಾ? ಒಂದೇ.”