ಸೂರ್ಯನಿಗೂ ಭೂಮಿಗೂ ಹಳೆಯ ಕಕ್ಷೆ

ಟೀವಿಯಲ್ಲಿ ಹುಡುಗಿಯೊಬ್ಬಳು ಬಹಳ ಗಂಭೀರವಾಗಿ, "ಉಪಗ್ರಹವು ಯಶಸ್ವಿಯಾಗಿ ಕಕ್ಷೆ ಸೇರಿತು" ಎಂದಳು. ನಾನು ಬಾಯಲ್ಲಿದ್ದ ಕಾಫಿಯನ್ನು ಸೀರೆಯ ಮೇಲೆ ಚೆಲ್ಲಿಕೊಂಡು ನಕ್ಕುಬಿಟ್ಟೆ. ಅಷ್ಟು ಜನ ವಿಜ್ಞಾನಿಗಳು ಚಪ್ಪಾಳೆ ತಟ್ಟುತ್ತಿರುವಾಗ ಈ ಮುದುಕಿಗೇನು ಬಂತು ಅನ್ನುತ್ತೀರಾ? ಹೇಳುತ್ತೇನೆ, ಕೂತುಕೊಳ್ಳಿ. ಸ್ವಲ್ಪ ಸುತ್ತಿ ಬಳಸಿ ಹೇಳುವುದು ನನ್ನ ಚಾಳಿ. ಮೇಷ್ಟರಗಿರಿ ಮಾಡಿದವರಿಗೆ ಗಂಟೆ ಹೊಡೆಯುವ ಮೊದಲು ಮಾತು ಮುಗಿಸಲು ಬರುವುದಿಲ್ಲ.

ನಾನು ಆಂಧ್ರದ ಗಡಿಯ ಹಿಂದೂಪುರದವಳು. ನಮ್ಮ ಮನೆಯಲ್ಲಿ ಕನ್ನಡದಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಮುಗಿಯುತ್ತಿತ್ತು. ಬೈಯುವುದಕ್ಕೆ ತೆಲುಗೇ ಸರಿ ಎಂಬುದು ನಮ್ಮಜ್ಜಿಯ ತೀರ್ಮಾನ. ಎಂಬತ್ತರ ದಶಕದಲ್ಲಿ ಬಿಎಸ್ಸಿ, ಬಿ.ಎಡ್. ಮುಗಿಸಿ, ಕಲ್ಯಾಣದುರ್ಗದಿಂದಾಚೆ ಸೆಟ್ಟೂರಿನ ದಾರಿಯಲ್ಲಿದ್ದ ಒಂದು ಕನ್ನಡ ಶಾಲೆಗೆ ವಿಜ್ಞಾನದ ಟೀಚರಾಗಿ ಹೋದೆ. ಕೆಲಸ ಟೆಂಪರರಿ. ಇನ್‌ಸ್ಪೆಕ್ಟರು ಬಂದು ಪಾಠ ನೋಡಿ ಒಳ್ಳೆಯ ರಿಪೋರ್ಟು ಬರೆದರೆ ಪರ್ಮನೆಂಟು. ಇಲ್ಲದಿದ್ದರೆ? ಬಸ್ಸು ಹತ್ತಿಸುವಾಗಲೇ ಅಪ್ಪ ಹೇಳಿದ್ದರು: "ನೋಡಮ್ಮ, ಇದು ಪರ್ಮನೆಂಟ್ ಆಗ್ಲಿಲ್ಲ ಅಂದ್ರೆ ಆ ಹುಣಸೆಹಣ್ಣಿನ ಮಂಡಿ ಹುಡುಗನ್ನೇ ಗಟ್ಟಿ ಮಾಡ್ಬುಡ್ತೀನಿ." ಹುಡುಗ ಒಳ್ಳೆಯವನೇ, ಪಾಪ. ಆದರೆ ನನ್ನನ್ನು ನೋಡಲು ಬಂದ ದಿನ ಎರಡು ಗಂಟೆ ಹೊತ್ತು ಹುಣಸೆಬೀಜ ಬಿಡಿಸುವುದರ ಬಗ್ಗೆಯೇ ಮಾತಾಡಿದ್ದ. ನಾನು ಹೇಗಾದರೂ ಪರ್ಮನೆಂಟ್ ಆಗಲೇಬೇಕಿತ್ತು.

ಎಂಟನೇ ಕ್ಲಾಸಿಗೆ ಸೌರವ್ಯೂಹದ ಪಾಠ. "ಭೂಮಿಯು ಸೂರ್ಯನ ಸುತ್ತ ತನ್ನ ಕಕ್ಷೆಯಲ್ಲಿ ಪರಿಭ್ರಮಿಸುತ್ತದೆ" ಎಂದೆ, ನನ್ನ ದನಿಗೆ ನಾನೇ ಮರುಳಾಗಿ. ಮಕ್ಕಳು ಸಾವಿನ ಮನೆಗೆ ಬಂದವರಂತೆ ತಲೆಯಾಡಿಸಿದರು. ಕುರಿ ಕಾಯುವವರ ಮನೆಯ ಹುಡುಗಿ ಹನುಮಕ್ಕ ಎದ್ದು ನಿಂತಳು.

"ಟೀಚರ್, ಇದು ಯಾವಾಗ್ಲಿಂದ ಕಕ್ಷೆ?"

"ಕೋಟ್ಯಂತರ ವರ್ಷದಿಂದ ಕಣಮ್ಮ."

"ಅಯ್ಯಪ್ಪಾ! ಇನ್ನೂ ಮುಗ್ದಿಲ್ವಾ?"

ಆಹಾ, ಎಂಥ ವೈಜ್ಞಾನಿಕ ಪ್ರಶ್ನೆ ಎಂದು ನಾನು ಬೀಗಿದೆ.

ನಿಮಗೆ ತೆಲುಗು ಬಾರದಿದ್ದರೆ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಪುಸ್ತಕದಲ್ಲಿ ಕಕ್ಷೆ ಎಂದರೆ ಗ್ರಹ ಸುತ್ತುವ ದಾರಿ. ತೆಲುಗಿನವರ ಬಾಯಲ್ಲಿ ಕಕ್ಷ ಎಂದರೆ ಹಗೆ, ಹಳೇ ದ್ವೇಷ. ಆ ಸೀಮೆಯ ಮಕ್ಕಳಿಗೆ ಮೊದಲನೆಯದು ಗೊತ್ತೇ ಇರಲಿಲ್ಲ. ಊರೂರಿಗೂ ಹಗೆಯಿದ್ದ ಕಡೆ ಎರಡನೆಯದು ತೊಟ್ಟಿಲಲ್ಲೇ ಗೊತ್ತಿತ್ತು. ನನಗೆ ಎರಡೂ ಗೊತ್ತಿದ್ದು ಹೊಳೆಯಲಿಲ್ಲವಲ್ಲ, ಅದಕ್ಕೇನು ಹೇಳಲಿ! ಪರೀಕ್ಷೆಯಲ್ಲಾದರೂ ಸಿಕ್ಕಿಬೀಳಬೇಕಿತ್ತು. "ಬುಧನ ಕಕ್ಷೆ ಚಿಕ್ಕದು, ಗುರುವಿನ ಕಕ್ಷೆ ಬಹಳ ದೊಡ್ಡದು" ಎಂದು ಎಲ್ಲರೂ ಬರೆದರು. ನಾನು ಎಲ್ಲರಿಗೂ ಪೂರ್ತಿ ಮಾರ್ಕು ಕೊಟ್ಟೆ.

ಭೂಮಿ ಯಾಕೆ ಸೂರ್ಯನೊಳಕ್ಕೆ ಬೀಳುವುದಿಲ್ಲ ಎಂದು ತೋರಿಸಬೇಕಲ್ಲ? ಸೆರಗು ಸಿಕ್ಕಿಸಿಕೊಂಡು, ದಾರಕ್ಕೆ ಕಲ್ಲು ಕಟ್ಟಿ ಗಿರಗಿರನೆ ಬೀಸಿದೆ. ದಾರ ಕಿತ್ತು, ಕಲ್ಲು ನೆಟ್ಟಗೆ ಹೋಗಿ ಹೆಡ್ಮಾಸ್ಟರ ಸೈಕಲ್ಲಿನ ಬೆಲ್ಲಿಗೆ ಬಡಿಯಿತು. ಟಿಣ್! ಪೀರಿಯಡ್ ಮುಗಿಯಿತೆಂದು ಮಕ್ಕಳು ಚೀಲ ಹೆಗಲಿಗೆ ಹಾಕಿಕೊಂಡರು. ಹನುಮಕ್ಕ ಮಾತ್ರ ತನ್ನ ಚೀಲದಿಂದ ಕುರಿ ತಿರುಗಿಸುವ ಕವಣೆ ತೆಗೆದಳು.

"ಬೀಸೋದು ಹಂಗಲ್ಲ ಟೀಚರ್. ಹಗ್ಗ ಎಳೀತಿರ್ಬೇಕು, ಕಲ್ಲು ಓಡ್ತಿರ್ಬೇಕು. ಎರಡ್ರಾಗೆ ಒಂದು ನಿಂತ್ರೂ ಕೆಡ್ತು."

ನನ್ನ ಮೂರು ವರ್ಷದ ಬಿಎಸ್ಸಿಯನ್ನು ಮೂರು ಮಾತಿನಲ್ಲಿ ಮುಗಿಸಿ ಕೂತಳು.

ಇನ್‌ಸ್ಪೆಕ್ಟರು ಬಂದೇಬಿಟ್ಟರು. ತೆಲುಗಿನವರು, ಕನ್ನಡವನ್ನು ಕಷ್ಟಪಟ್ಟು ಆಡುತ್ತಿದ್ದರು. "ಭೂಮಿ ಸೂರ್ಯುಡಲ್ಲಿ ಯಾಕೆ ಬೀಳೋದಿಲ್ಲ?" ಎಂದರು. ಎಲ್ಲರಿಗಿಂತ ಮೊದಲು ಹನುಮಕ್ಕನ ಕೈ ಮೇಲೆದ್ದಿತು.

"ಇಬ್ರಿಗೂ ಕಕ್ಷೆ ಸಾ! ಸೂರ್ಯ 'ಬಾ ಇಲ್ಲಿ, ನಿನ್ನ ನೋಡ್ಕಂತೀನಿ' ಅಂತ ಎಳೀತಾನೆ. ಭೂಮ್ತಾಯಿ 'ಹೋಗಲೋ' ಅಂತ ನೆಟ್ಟಗೆ ಓಡ್ತಾಳೆ. ಅವ್ನು ಬುಡಂಗಿಲ್ಲ, ಇವ್ಳು ಸಿಗಂಗಿಲ್ಲ. ಅದ್ಕೇ ಸುತ್ತಾನೇ ಸುತ್ತೋದು."

ಇನ್‌ಸ್ಪೆಕ್ಟರು ಕನ್ನಡಕ ತೆಗೆದರು. "ಕಕ್ಷ ಅಂಟೆ?" ಎಂದು ಅರ್ಥ ಕೇಳಿದರು.

"ಪಗ ಸಾ!" ಎಂದು ಇಡೀ ಕ್ಲಾಸು ಕೂಗಿತು. ಪಗ ಎಂದರೂ ತೆಲುಗಿನಲ್ಲಿ ಹಗೆಯೇ. ಆಗ ನನಗೆ ಹೊಳೆಯಿತು ನೋಡಿ. ಮೂರು ತಿಂಗಳಿಂದ ಒಂಬತ್ತು ಗ್ರಹಗಳ ಕುಲವೈರ ಕಲಿಸಿದ್ದೇನೆ!

"ಮತ್ತೆ ಇಬ್ಬರೂ ರಾಜಿ ಆದರೆ?" ಎಂದರು ಇನ್‌ಸ್ಪೆಕ್ಟರು.

"ರಾಜಿ ಆಗಿ ಓಡೋದು ನಿಲ್ಸಿದ್ರೆ ಸೂರ್ಯನೊಳಕ್ಕೆ ಬಿದ್ದು ಸುಟ್ಟೋಯ್ತಾಳೆ ಸಾ."

"ಇದೆಲ್ಲ ಹೇಳಿಕೊಟ್ಟಿದ್ದು ಯಾರು?"

ನನ್ನ ಮೂಗಿಗೆ ಹುಣಸೆಹಣ್ಣಿನ ವಾಸನೆ ಬಂತು. ಥೂ, ಹೇಳಲು ಈಗಲೂ ನಾಚಿಕೆಯಾಗುತ್ತದೆ. "ಸಾರ್, ಈ ಹುಡುಗಿ ಸ್ಕೂಲಿಗೇ ಸರಿಯಾಗಿ ಬರೋದಿಲ್ಲ. ಕುರಿ ಹಿಂದೆ ಹೋಗ್ತಾಳೆ" ಎಂದುಬಿಟ್ಟೆ.

"ದಿನಾ ಬತ್ತೀನಲ್ಲ ಟೀಚರ್?" ಎಂದಳು ಹನುಮಕ್ಕ, ಸಣ್ಣಗೆ. ಆಮೇಲೆ ತಲೆ ತಗ್ಗಿಸಿ ಕೂತಳು.

ಇನ್‌ಸ್ಪೆಕ್ಟರು ಹೊಟ್ಟೆ ಹಿಡಿದು ನಕ್ಕರು. "ಮಾತು ತಪ್ಪು, ವಿಷಯಂ ಕರೆಕ್ಟು" ಎಂದು ಒಳ್ಳೆಯ ರಿಪೋರ್ಟು ಬರೆದು ಹೋದರು. ಕೆಲಸ ಉಳಿಯಿತು. ಹುಣಸೆ ಮಂಡಿಯವನೂ ನನ್ನಿಂದ ಬಚಾವಾದ.

ಮಾರನೆಯ ದಿನ ಹನುಮಕ್ಕ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಸಂಜೆ ಅವಳ ಊರಿಗೇ ಹೋದೆ. ಕುರಿ ಹೊಡೆದುಕೊಂಡು ಬರುತ್ತಿದ್ದಳು.

"ನನ್ನ ಮೇಲೆ ಕಕ್ಷೆ ಇಟ್ಕೊಂಡಿದ್ದೀಯೇನೇ?"

"ಇಲ್ಲ ಟೀಚರ್. ಕಕ್ಷೆ ಇದ್ದಿದ್ರೆ ನಿಮ್ ಸುತ್ತಾನೇ ತಿರುಗ್ತಿದ್ದೆ. ನೀವೇ ಬುಟ್ಬುಟ್ರಲ್ಲ, ನೆಟ್ಟಗೆ ಹೋಯ್ತೀನಿ."

ಹಾಗೆಂದು ನಿಜವಾಗಿಯೂ ನೆಟ್ಟಗೆ ಹೊರಟಳು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡಿದೆ. ಮುಂದೆ ಹನುಮಕ್ಕ, ನಡುವೆ ನಲವತ್ತು ಕುರಿ, ಹಿಂದೆ ಬಿಎಸ್ಸಿ, ಬಿ.ಎಡ್. "ತಪ್ಪಾಯ್ತು ಕಣೇ, ನಿಂತ್ಕೊಳ್ಳೇ!" ಎಂದು ನಾನು, "ಮ್ಯಾ" ಎಂದು ಕುರಿಗಳು. ಒಂದು ಟಗರು ತಿರುಗಿ ನನ್ನನ್ನೇ ಅಟ್ಟಿಸಿಕೊಂಡು ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ, ನಿಂತಳು.

"ಸುಳ್ಳು ಹೇಳಿದ್ದು ನಾನು. ನಾಳೆ ಕ್ಲಾಸಲ್ಲಿ ಎಲ್ಲರೆದುರು ಹೇಳ್ತೀನಿ. ರಾಜಿ ಆಗೋಣ ಬಾರೇ" ಎಂದೆ, ಏದುಸಿರು ಬಿಡುತ್ತ.

"ರಾಜಿ ಬ್ಯಾಡ ಟೀಚರ್, ಸುಟ್ಟೋಯ್ತೀವಿ" ಎಂದಳು. "ನೀವು ಎಳೀತಿರಿ, ನಾನು ಓಡ್ತಿರ್ತೀನಿ."

ಮಾರನೆಯ ದಿನ ಬಂದಳು. ನಾನೂ ಮಾತು ಉಳಿಸಿಕೊಂಡೆ. ಹತ್ತನೇ ಕ್ಲಾಸು ಮುಗಿಯುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ ಆ ಹುಡುಗಿ.

ಟೀವಿಯಲ್ಲಿ ಈಗ ಹವಾಮಾನ ಬರುತ್ತಿದೆ. ನಿಮ್ಮನ್ನು ನಗಿಸಲೆಂದು ಕೂತವಳು ನಾನೇ ಕಣ್ಣೊರೆಸಿಕೊಳ್ಳುತ್ತಿದ್ದೇನೆ, ಏನು ಕರ್ಮವೋ. ಆ ರಿಪೋರ್ಟಿನಲ್ಲಿ "ಟೀಚರು ಈ ಪಾಠವನ್ನು ಬಹಳ ಚೆನ್ನಾಗಿ ಕಲಿಸಿದ್ದಾರೆ" ಎಂದಿತ್ತು. ಕಲಿಸಿದವಳು ಹನುಮಕ್ಕ. ಕ್ಲಾಸಿಗೆ ಹೇಳಿದೆ, ಅವಳಿಗೆ ಹೇಳಿದೆ. ಹೇಳಬೇಕಾಗಿದ್ದ ಇನ್‌ಸ್ಪೆಕ್ಟರಿಗೆ ಮಾತ್ರ ಕೊನೆಗೂ ಹೇಳಲಿಲ್ಲ. ಅದಕ್ಕೇ ನಿಮಗೆ ಹೇಳಿದೆ.