ಓರೆ ಮಾಮನ ಪಟ್ಟಿ

ನನ್ನ ಹೆಂಡತಿಯ ಅಣ್ಣ, ಅಂದರೆ ನಮ್ಮ ಭಾವ, ಮೂವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದವರು. ಊರಿಗೆಲ್ಲ ಓರೆ ಮಾಮ. ನಡಿಗೆ ನೆಟ್ಟಗೇ ಇತ್ತು. ಓರೆಯಾಗಿದ್ದದ್ದು ಅವರ ಅಕ್ಷರ. ಗೆರೆಯೆಲ್ಲ ಒಂದೇ ದಪ್ಪ, ತುದಿಯಲ್ಲಿ ಕುಡಿಯಿಲ್ಲ, ಬಳುಕಿಲ್ಲ. ಈಗಲೇ ಓಟ ಕೀಳುತ್ತೇವೆ ಎನ್ನುವಂತೆ ಎಲ್ಲವೂ ಬಲಕ್ಕೆ ವಾಲಿರುತ್ತಿದ್ದವು.

“ಕುಡಿ ಗಿಡಿ ಇಟ್ರೆ ಓಡೋವಾಗ ಕಾಲಿಗೆ ತೊಡರುತ್ತೆ ಕಣಯ್ಯ” ಎನ್ನುತ್ತಿದ್ದರು.

ಸೈಕಲ್ ಅಂಗಡಿಗೆ, ಆಟದ ಸಾಮಾನಿನ ಅಂಗಡಿಗೆ ಅದು ಹೇಳಿ ಮಾಡಿಸಿದ ಅಕ್ಷರ. ಸೈಕಲ್ ಅಂಗಡಿಯ ಬೋರ್ಡಿನ ಮೇಲೆ ಕೂತ ಕಾಗೆಯೊಂದು ಆಯ ತಪ್ಪಿ ಪಕ್ಕದ ಬೀದಿಯಲ್ಲಿ ಬಿದ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಶಾಲೆಯ ಮುಂದೆ ‘ನಿಧಾನವಾಗಿ ಚಲಿಸಿ’ ಎಂದು ಅದೇ ಅಕ್ಷರದಲ್ಲಿ ಬರೆದರು. ಓದಿದ ಗಾಡಿಗಳೆಲ್ಲ ಇನ್ನೂ ಜೋರಾಗಿ ಹೋಗತೊಡಗಿದವು. ಹೆಡ್‌ಮಾಸ್ಟರು ಎರಡೇ ದಿನದಲ್ಲಿ ಅಳಿಸಿ ನೆಟ್ಟಗೆ ಬರೆಸಿದರು.

ಗುಟ್ಟೆಲ್ಲ ಒಂದು ಮರದ ಪಟ್ಟಿಯಲ್ಲಿತ್ತು. ಅದರ ಒಂದು ತುದಿಯನ್ನು ಓರೆಯಾಗಿ ಕೊಯ್ದಿದ್ದರು. ಅಡಿಗೆರೆಗೆ ಒತ್ತಿ ಹಿಡಿದರೆ ಪ್ರತಿ ಅಕ್ಷರವೂ ಒಂದೇ ಅಳತೆಗೆ ವಾಲುತ್ತಿತ್ತು. ಮೂವತ್ತು ವರ್ಷದ ಬಣ್ಣ ಮೆತ್ತಿ ಮೆತ್ತಿ ಪಟ್ಟಿ ಇಟ್ಟಿಗೆಯಷ್ಟು ದಪ್ಪವಾಗಿತ್ತು.

ಸ್ಟಿಕರ್ ಕತ್ತರಿಸುವ ಯಂತ್ರ ಬಂದದ್ದೇ ತಡ, ಭಾವನ ಕೆಲಸ ಬತ್ತಿತು. ಆಗ ಒಬ್ಬ ಬಸ್ ಮಾಲೀಕ ತನ್ನ ಹನ್ನೆರಡು ಬಸ್ಸುಗಳಿಗೆ ಹೆಸರು ಬರೆಸಲು ಹೊರಟ. ಮೊದಲು ಒಂದಕ್ಕೆ ಬರೆದು ತೋರಿಸಬೇಕು; ಒಪ್ಪಿದರೆ ಹನ್ನೆರಡೂ ಭಾವನಿಗೆ, ಇಲ್ಲದಿದ್ದರೆ ಸ್ಟಿಕರಿನವನಿಗೆ. ಇದೂ ಕೈತಪ್ಪಿದರೆ ಬ್ರಷ್ಷುಗಳನ್ನು ಅಟ್ಟಕ್ಕೆ ಎಸೆಯುವುದೇ ಸೈ ಎಂದು ಭಾವ ತೀರ್ಮಾನಿಸಿದ್ದರು.

ಎರಡೂ ಬದಿಗೆ ಕೆಂಪಿನಲ್ಲಿ ‘ಶರವೇಗ’ ಎಂದು ಬರೆದರು. ಮಾಲೀಕ ಡ್ರೈವರ್ ಬದಿ ನೋಡಿ ತಲೆದೂಗಿದ. ಬಾಗಿಲಿನ ಬದಿಗೆ ಬಂದವನು ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟ.

“ಏನ್ ಮಾಮ, ಈ ಕಡೆಯಿಂದ ಬಸ್ಸು ರಿವರ್ಸ್ ಹೋಗ್ತಿದೆಯಲ್ಲ!”

ನಿಜವೇ. ಅತ್ತ ನಿಂತು ನೋಡಿದರೆ ಬಸ್ಸಿನ ಮೂತಿ ಬಲಕ್ಕೆ, ಇತ್ತ ನಿಂತರೆ ಎಡಕ್ಕೆ. ಅಕ್ಷರ ಮಾತ್ರ ಎರಡೂ ಕಡೆ ಬಲಕ್ಕೇ ವಾಲಿತ್ತು. ಅಂಗಡಿಗಳು ಎಲ್ಲಿಗೂ ಹೋಗುವುದಿಲ್ಲವಾದ್ದರಿಂದ ಈ ಪ್ರಶ್ನೆ ಅಲ್ಲಿಯವರೆಗೆ ಎದ್ದಿರಲಿಲ್ಲ.

“ನಾಳೆ ಹತ್ತು ಗಂಟೆಗೆ ಬರ್ತೀನಿ. ಸರಿಹೋಗದಿದ್ರೆ ಸ್ಟಿಕರಿನವನನ್ನ ಕರೀತೀನಿ, ಬೇಜಾರು ಮಾಡ್ಕೋಬೇಡಿ.”

ಮಧ್ಯಾಹ್ನ ನಮ್ಮ ಮನೆಗೆ ಬಂದ ಭಾವ ತಟ್ಟೆ ಮುಟ್ಟಲಿಲ್ಲ. ವಿಷಯ ಕೇಳಿದ ನನ್ನ ಹೆಂಡತಿ, “ಆ ಬದೀದು ಎಡಕ್ಕೆ ವಾಲಿಸಣ್ಣ. ಆಕಾಶ ತಲೆ ಮೇಲೆ ಬಿದ್ದೋರ ಥರ ಕೂತಿದ್ದೀಯಲ್ಲ!” ಎಂದಳು.

“ಕುಡಿದು ಬಿದ್ದ ಹಾಗೆ ಕಾಣುತ್ತೆ ಕಣೇ. ಕೈಗೂ ಬರಲ್ಲ, ಪಟ್ಟಿಗೂ ಬರಲ್ಲ.”

“ಪಟ್ಟಿ ತಾ ಇಲ್ಲಿ.”

ಅವಳು ಅದನ್ನು ಮಗುಚಿ ಮೇಜಿನ ಮೇಲಿಟ್ಟಳು. ಹಿಂಬದಿಯ ಮರ ಈಗಷ್ಟೇ ಬಡಗಿಯ ಕೈಯಿಂದ ಬಂದಂತೆ ಬೋಳಾಗಿತ್ತು. ಓರೆ ಎಡಕ್ಕಿತ್ತು. ಮೂವತ್ತು ವರ್ಷದಲ್ಲಿ ಭಾವ ಅದನ್ನು ಒಮ್ಮೆಯೂ ಮಗುಚಿರಲಿಲ್ಲ.

“ಮೊದಲೇ ಹೇಳಬಾರದಿತ್ತಾ?”

“ನೀನು ಕೇಳಿದ್ಯಾ?”

ಬೆಳಗಾಗುತ್ತಲೇ ಭಾವ ಬಾಗಿಲಿನ ಬದಿಯನ್ನು ಥಿನ್ನರಿನಿಂದ ಒರೆಸಿ ಮತ್ತೆ ಬರೆದರು. ಮೊದಲ ಅಕ್ಷರಕ್ಕೇ ಒಂದು ಗಂಟೆ ಹಿಡಿಯಿತು. ಕೈ ಮೊಂಡು ಎತ್ತಿನಂತೆ ಬಲಕ್ಕೇ ಎಳೆಯುತ್ತಿತ್ತು. ಉಳಿದ ಮೂರು ಅರ್ಧ ಗಂಟೆಯಲ್ಲಿ ಮುಗಿದವು.

ಹತ್ತಕ್ಕೆ ಬಂದ ಮಾಲೀಕ ಬಸ್ಸಿಗೆ ಎರಡು ಸುತ್ತು ಹಾಕಿದ. ಎದುರಿಗೆ ನಿಂತಿದ್ದ ಡ್ರೈವರ್, ಎಲ್ಲಿ ಮೈಮೇಲೆ ಹರಿದೀತೋ ಎಂದು ಪಕ್ಕಕ್ಕೆ ಹಾರಿದ. ಎಂಜಿನ್ ರಿಪೇರಿಗೆಂದು ಬಿಚ್ಚಿಕೊಂಡು ಹೋಗಿ ವಾರವಾಗಿತ್ತು.

“ಉಳಿದ ಹನ್ನೊಂದಕ್ಕೂ ನೀವೇ ಬರೀರಿ. ಅಂದ ಹಾಗೆ, ಹಿಂದುಗಡೆ ಯಾವ ಕಡೆಗೆ ವಾಲಿಸ್ತೀರಿ ಮಾಮ?”

“ಹಿಂದುಗಡೆ ನೆಟ್ಟಗೆ,” ಎಂದರು ಭಾವ, ಪಟ್ಟಿಯ ಹೊಸ ಬಣ್ಣ ಒರೆಸುತ್ತ. “ಅದನ್ನ ಓದೋರು ಬಸ್ ತಪ್ಪಿಸಿಕೊಂಡೋರು. ಅವರಿಗಿನ್ನೇನು ಅವಸರ?”