ಅಲುಗಬಾರದಿದ್ದ ಮುಳ್ಳು

ಯಂತ್ರಗಳಿಗೂ ಮನಸ್ಸಿದೆ ಎನ್ನುವವರ ಮಾತನ್ನು ನಾನು ಎಂದೂ ಪೂರ್ತಿ ಕೇಳಿಸಿಕೊಂಡವನಲ್ಲ. ಗುಡಿಯ ಮುಂದೆ ತಾನಾಗಿ ನಿಂತ ಲಾರಿ, ಹುತ್ತ ಅಗೆಯಲೊಪ್ಪದ ಬುಲ್ಡೋಜರು, ಇಂಥ ಕಥೆಗಳ ಬೆನ್ನು ಹತ್ತಿ ಹೋದಲ್ಲೆಲ್ಲ ನನಗೆ ಸಿಕ್ಕಿದ್ದು ಉಜ್ಜಿ ಸವೆದ ವೈರು, ಕಿಲುಬು ಹಿಡಿದ ಪಿನ್ನು, ಇಲ್ಲವೇ ಡೀಸೆಲ್ ಕದ್ದು ನೀರು ಬೆರೆಸಿದ ಚಾಲಕ. ನಾನು ಕಾಲೇಜಿನಲ್ಲಿ ಕಲಿತವನಲ್ಲ. ರಾಜಾಜಿನಗರದ ಒಂದು ಶೆಡ್ಡಿನಲ್ಲಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಸರ್ಕ್ಯೂಟಿನ ನಕ್ಷೆಗಳನ್ನು ಓದುತ್ತ ಓದುತ್ತ ಮುದುಕನಾದವನು. ಮೀಟರು ತೋರಿಸದ್ದನ್ನು ನಂಬುವ ಅಭ್ಯಾಸ ನನಗಿಲ್ಲ. ಈಗ ಹೇಳಹೊರಟಿರುವುದನ್ನು ನೀವು ನಂಬಬೇಕೆಂಬ ಒತ್ತಾಯವೂ ಇಲ್ಲ.

ಕೆಲವು ವರ್ಷಗಳ ಹಿಂದೆ, ಮಳೆಗಾಲಕ್ಕೆ ಮುಂಚೆ, ನಾಗರಾಜ ಎಂಬಾತ ನನ್ನನ್ನು ಕರೆಸಿದ. ಆತ ಹಳೆಯ ಎಕ್ಸ್‌ಕವೇಟರ್ ಒಂದನ್ನು ಕೊಂಡು, ಕೆಂಗೇರಿಯಾಚೆ ರಾಜಕಾಲುವೆಯ ಹೂಳೆತ್ತುವ ಕೆಲಸಕ್ಕೆ ಬಿಟ್ಟಿದ್ದ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಬೆಳಗಿನ ತಂಪಿನಲ್ಲೂ ನಡುಮಧ್ಯಾಹ್ನದ ಬಿಸಿಲಿನಲ್ಲೂ ಒಂದೇ ಕಡೆ ನಿಂತಿರುತ್ತದೆ ಎಂಬುದು ಅವನ ದೂರು.

ಬೆಳಿಗ್ಗೆ ಅಲ್ಲಿಗೆ ಹೋದಾಗ ಮೊದಲು ಎದುರಾದದ್ದು ನಾತ. ಮಲ, ಸಾಬೂನಿನ ನೊರೆ, ಕೋಳಿಯಂಗಡಿಗಳ ಕರುಳು, ಊರಿನ ಜನ ತಮ್ಮದಲ್ಲವೆಂದು ಕೈತೊಳೆದುಕೊಂಡದ್ದೆಲ್ಲ ಅಲ್ಲಿ ಕಪ್ಪಗೆ ಹೆಪ್ಪುಗಟ್ಟಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕಿಳಿದೆ. ಕೀಲಿ ತಿರುಗಿಸಿಟ್ಟು, ಎಂಜಿನ್ನಿನ ಬಿಸಿ ಅಳೆಯುವ ಸೆನ್ಸಾರಿನಿಂದ ಪ್ಲಗ್ಗನ್ನು ಎಳೆದೆ. ಮುಳ್ಳು ಬಿದ್ದು ಎಚ್ಚರಿಕೆಯ ದೀಪ ಹೊತ್ತಬೇಕಿತ್ತು, ಏನೂ ಆಗಲಿಲ್ಲ. ವೈರಿನ ಗುಂಟ ಕೈಯಾಡಿಸುತ್ತ ಹೋದಾಗ ಸೀಟಿನ ಹಿಂದೆ ಕರಿ ಟೇಪಿನ ಗಂಟೊಂದು ಸಿಕ್ಕಿತು. ಬಿಚ್ಚಿದೆ. ಸೆನ್ಸಾರಿನ ವೈರುಗಳನ್ನು ಕತ್ತರಿಸಿ, ಅದರ ಬದಲಿಗೆ ಅಕ್ಕಿಕಾಳಿಗಿಂತ ತುಸು ದಪ್ಪದ ರೆಸಿಸ್ಟರ್ ಒಂದನ್ನು ಬೆಸೆದಿದ್ದರು.

ಸಂಗತಿ ಸರಳ. ಬಿಸಿಯೇರಿದಂತೆ ಸೆನ್ಸಾರು ವಿದ್ಯುತ್ತಿಗೆ ಒಡ್ಡುವ ತಡೆ ಇಳಿಯುತ್ತದೆ. ಅದನ್ನು ನೋಡಿ ಯಂತ್ರದ ಕಂಪ್ಯೂಟರ್ ಮುಳ್ಳನ್ನು ಏರಿಸುತ್ತದೆ, ಮಿತಿ ಮೀರಿದರೆ ಎಂಜಿನ್ನನ್ನು ನಿಲ್ಲಿಸುತ್ತದೆ. ರೆಸಿಸ್ಟರಿನ ತಡೆಯಾದರೋ ಬದಲಾಗುವುದಿಲ್ಲ. ಅದನ್ನು ಕಟ್ಟಿಬಿಟ್ಟರೆ ಎಂಜಿನ್ ಸುಟ್ಟುಹೋಗುತ್ತಿದ್ದರೂ ಕಂಪ್ಯೂಟರಿಗೆ ಎಲ್ಲವೂ ಕ್ಷೇಮವಾಗಿಯೇ ಕಾಣುತ್ತದೆ. ಮಾರುವ ಮುನ್ನ ದೋಷ ಮುಚ್ಚಲು ನಮ್ಮ ಕಸುಬಿನವರೇ ಮಾಡುವ ಕೆಲಸವಿದು. ಕಾಲುವೆಯ ನಾತಕ್ಕಿಂತ ಆ ಗಂಟೇ ನನಗೆ ಹೇಸಿಗೆಯೆನಿಸಿತು. ರೆಸಿಸ್ಟರಿನ ತಡೆಯನ್ನು ಮೀಟರಿನಲ್ಲಿ ಅಳೆದುಕೊಂಡು ಟೇಪನ್ನು ಮತ್ತೆ ಸುತ್ತಿದೆ.

"ಹೊಸ ಸೆನ್ಸಾರ್ ಹಾಕೋ ತನಕ ಗಾಡಿ ಓಡಿಸಬೇಡಿ," ಎಂದೆ.

"ಏನ್ ಸಾರ್ ನೀವು, ಇಷ್ಟ್ ದಿನ ಓಡಿಲ್ವಾ? ಮಳೆ ಬಂದ್ರೆ ಎಲ್ಲಾ ಮುಳುಗೋಗುತ್ತೆ. ಮಂಜ, ಹತ್ತೋ ಮೇಲೆ!" ಎಂದ ನಾಗರಾಜ.

ಯಂತ್ರ ಓಡಿಸುವ ಮಂಜ ನನ್ನತ್ತ ನೋಡಿ ಹಲ್ಲು ಕಿರಿದ. "ಮುಳ್ಳು ನೋಡ್ಕೊಂಡ್ ನಿಂತಿರಿ ಯಜಮಾನ್ರೇ. ಅದೇನಾದ್ರೂ ಅಲ್ಲಾಡಿದ್ರೆ ನಿಮ್ಗೆ ಬಿರಿಯಾನಿ ಕೊಡಿಸ್ತೀನಿ."

ಹಟಕ್ಕೆ ಬಿದ್ದು ಕ್ಯಾಬಿನ್ನಿನ ಬಾಗಿಲಲ್ಲೇ ನಿಂತೆ. ಕಾಲುವೆ ರಸ್ತೆಯಡಿ ಹೊಗುವ ಮೋರಿಯ ಬಾಯಲ್ಲಿ ಕಸ ಗುಡ್ಡೆಯಾಗಿತ್ತು. ಅದನ್ನು ಬಾಚಲೆಂದು ಮಂಜ ಯಂತ್ರದ ತೋಳಿನ ತುದಿಯ ಬಕೆಟ್ಟನ್ನು ಎತ್ತಿ ಅತ್ತ ತಿರುಗಿಸಿದ. ಆಗ ಮುಳ್ಳು ಅಲುಗಿತು. ಬೆಚ್ಚಿ ಹಾರಲಿಲ್ಲ, ಒಲೆಯ ಮೇಲಿಟ್ಟ ನೀರು ಕಾಯುವ ಹಾಗೆ ಒಂದೇ ಸಮನೆ ಏರಿ ಕೆಂಪು ಗೆರೆ ಮುಟ್ಟಿತು. ಎಚ್ಚರಿಕೆಯ ಸದ್ದು ಕಿರುಚಿತು. ಎಂಜಿನ್ ನಿಂತಿತು. ಬಕೆಟ್ಟು ಮೋರಿಯ ಬಾಯಿಯ ಮೇಲೆ ನೇತಾಡುತ್ತ ಉಳಿಯಿತು.

ಸದ್ದಡಗಿದಾಗ ಕಸದೊಳಗಿಂದ ಕೂಗು ಕೇಳಿಸಿತು: "ಅಣ್ಣಾ, ಒಳಗಿದೀನಿ! ನಿಲ್ಸಣ್ಣಾ!"

ಕಸದ ಗುಡ್ಡೆ ಅಲ್ಲಾಡಿತು. ಹುಬ್ಬಿನ ತನಕ ಕೆಸರು ಮೆತ್ತಿಕೊಂಡ ಮನುಷ್ಯನೊಬ್ಬ ಬಕೆಟ್ಟಿನ ಹಲ್ಲುಗಳ ನೇರ ಕೆಳಗೆ ತೆವಳುತ್ತ ಹೊರಬಂದ. ಹೆಸರು ಮುನಿರಾಜು. ರಸ್ತೆಯ ಆಚೆ ಬದಿಯಿಂದ ಅವನನ್ನು ಮೋರಿಯೊಳಗೆ ಇಳಿಸಿದ್ದರು. ಈ ಬದಿಯಲ್ಲಿದ್ದ ನಮಗೆ ಯಾರೂ ಹೇಳಿರಲಿಲ್ಲ.

ನಾನು ಎಂಜಿನ್ನಿನತ್ತ ಓಡಿದೆ. ಅದರ ಮೇಲೆ ಅಂಗೈ ಊರಿ ನಿಲ್ಲಬಹುದಿತ್ತು, ಉಗುರುಬೆಚ್ಚಗಿತ್ತು, ಅಷ್ಟೆ. ರೆಸಿಸ್ಟರಿಗೆ ಮೀಟರು ಹಿಡಿದೆ. ಅದೇ ತಡೆ. ಮಂಜನೇ ಮನುಷ್ಯನನ್ನು ಕಂಡು ಕೀಲಿ ತಿರುಗಿಸಿ ನಾಟಕವಾಡುತ್ತಿರಬಹುದೆಂದು ಶಂಕಿಸಿದೆ. ಆದರೆ ಕಂಪ್ಯೂಟರಿನ ನೆನಪಿನಲ್ಲಿ ಎಂಜಿನ್ ಅತಿಯಾಗಿ ಕಾದದ್ದರಿಂದ ನಿಲ್ಲಿಸಿದೆನೆಂಬ ದಾಖಲೆಯಿತ್ತು. ವೈರು ಎಲ್ಲಾದರೂ ಕಬ್ಬಿಣಕ್ಕೆ ತಾಗಿದ್ದರೂ ಮುಳ್ಳು ಏರೀತು. ಉದ್ದಕ್ಕೂ ತಡವಿ ನೋಡಿದೆ, ಎಳೆದು ಅಲ್ಲಾಡಿಸಿದೆ; ಗೀರು ಕೂಡ ಇರಲಿಲ್ಲ. ಕೊನೆಗೆ, ತೇವ ತಾಗಿ ತಡೆ ಇಳಿದಿರಬಹುದೇ ಎಂದು, ಒಂದು ಡಬ್ಬಿಯಲ್ಲಿ ಆ ಕಪ್ಪು ನೀರನ್ನೇ ತುಂಬಿ ತಂದು, ಬೆಸುಗೆಯನ್ನು ಅದರಲ್ಲಿ ಅದ್ದಿದೆ. ಮೊಣಕೈತನಕ ಹೊಲಸಾದದ್ದೇ ಲಾಭ. ಮುಳ್ಳು ಜಗ್ಗಲಿಲ್ಲ.

ಅಷ್ಟರಲ್ಲಿ ನಾಗರಾಜ ಬೂದುಗುಂಬಳ, ಕರ್ಪೂರ, ಹೂವಿನ ಹಾರ ತರಿಸಿದ್ದ. ಕೆಸರು ಸುರಿಯುವ ಬಕೆಟ್ಟಿಗೆ ಕುಂಕುಮವಿಟ್ಟರು. ಎಲ್ಲರ ಬಾಯಲ್ಲೂ ಅಮ್ಮ ಕಾಪಾಡಿದಳೆಂಬ ಮಾತು. ಮುನಿರಾಜು ಮಾತ್ರ ರಸ್ತೆಯಂಚಿನಲ್ಲಿ ಒಬ್ಬನೇ ಕೂತಿದ್ದ. ಮೈಮೇಲಿನ ಹೊಲಸು ಒಣಗುತ್ತಿತ್ತು. ಎದುರಿನ ಟೀ ಅಂಗಡಿಯವನು, "ಗಿರಾಕಿ ಬರೋ ಟೈಮು, ಆ ಕಡೆ ಹೋಗಪ್ಪಾ," ಎಂದು ನೀರು ಕೊಡದೆ ಅಟ್ಟಿದ್ದ. ಎಂಜಿನ್ನಿಗೆಂದು ನನ್ನ ವ್ಯಾನಿನಲ್ಲಿ ತಂದಿದ್ದ ಕ್ಯಾನಿನ ನೀರನ್ನು ಅವನ ತಲೆಗೆ ಸುರಿದೆ.

"ನಿನ್ನ ಇಳಿಸಿದ್ದು ಯಾರಪ್ಪಾ?"

"ಟೋಪಿ ಹಾಕ್ಕೊಂಡಿದ್ದ ಸೂಪರ್‌ವೈಸರ್ ಸಾರ್. ಈಗ್ತಾನೇ ಇಲ್ಲೇ ನಿಂತಿದ್ದ."

ನಾಗರಾಜನನ್ನು ಕೇಳಿದೆ. "ಯಾವ ಸೂಪರ್‌ವೈಸರ್? ಇವ್ನು ನಮ್ ಕಡೆಯವ್ನೇ ಅಲ್ಲ ಸಾರ್," ಎಂದ. ಸುತ್ತಲಿದ್ದವರು ಕುಂಬಳಕಾಯಿ ಒಡೆಯುವುದನ್ನು ನೋಡುತ್ತಿದ್ದರು.

ಮುನಿರಾಜು ಕಣ್ಣೊರೆಸಿಕೊಂಡು ನಕ್ಕ. "ನಿಲ್ಸಿದ್ದು ಅಮ್ಮ ಅಂತ ಇವ್ರಿಗೆ ಅಷ್ಟ್ ಬೇಗ ಗೊತ್ತಾಯ್ತು, ನೋಡಿ ಸಾರ್."

ನಾನು ಕತ್ತರಿ ತೆಗೆದಾಗ ನಾಗರಾಜ ಕೈ ಹಿಡಿದುಕೊಂಡ. "ಆ ಪೀಸ್ ತೆಗೀಬೇಡಿ ಸಾರ್, ಅದ್ರಲ್ಲಿ ಏನೋ ಶಕ್ತಿ ಇದೆ. ಒಂದು ಅರಿಶಿನದ ದಾರ ಕಟ್ಟಿ ಹಾಗೇ ಬಿಡೋಣ." ಅವನ ಕೈಯನ್ನು ಕೊಡವಿ ರೆಸಿಸ್ಟರನ್ನು ಟೇಪಿನ ಸಮೇತ ಕತ್ತರಿಸಿ ಜೇಬಿಗಿಳಿಸಿದೆ. ಅಂದೇ ಹೊಸ ಸೆನ್ಸಾರು ಹಾಕಿದೆ. ಆಮೇಲೆ ಆತ ನನ್ನನ್ನು ಕರೆಯಲಿಲ್ಲ.

ಆ ರೆಸಿಸ್ಟರ್ ಈಗಲೂ ನನ್ನ ಶೆಡ್ಡಿನಲ್ಲಿ ಒಂದು ಡಬ್ಬಿಯೊಳಗಿದೆ. ಕಾಯಿಸಿದ್ದೇನೆ, ಮಂಜುಗಡ್ಡೆಯಲ್ಲಿಟ್ಟಿದ್ದೇನೆ, ಅದರ ತಡೆ ಹೇಳಿಕೊಳ್ಳುವಷ್ಟು ಬದಲಾಗಿಲ್ಲ. ಪರಿಚಯದ ಎಂಜಿನಿಯರೊಬ್ಬರು ಇದನ್ನೆಲ್ಲ ಕೇಳಿ, "ಲೂಸ್ ಕಾಂಟ್ಯಾಕ್ಟ್ ಇರುತ್ತೆ ಬಿಡಿ," ಎಂದರು. ನೋಡದೆಯೇ ಹೇಳಿದ ಆ ಮಾತಿಗೂ ನಾಗರಾಜನ ಕರ್ಪೂರಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ.

ಒಮ್ಮೆ ಬ್ಯಾಡರಹಳ್ಳಿಯಲ್ಲಿ ಮಂಜ ಸಿಕ್ಕಿದ್ದ. ಬಿರಿಯಾನಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. "ನಿಜ ಹೇಳು, ಆವತ್ತು ನಿನ್ನ ಕೈ ಎಲ್ಲಿತ್ತು?" ಎಂದೆ.

"ಎರಡೂ ಲಿವರ್ ಮೇಲೇ ಇತ್ತು ಯಜಮಾನ್ರೇ. ನೀವೇ ನೋಡಿದ್ರಲ್ಲ."

ನೋಡಿದ್ದೆ. ಮುಳ್ಳು ಏಕೆ ಏರಿತೆಂದು ಇಂದಿಗೂ ನನಗೆ ಗೊತ್ತಿಲ್ಲ. ಟೋಪಿಯವನು ಯಾರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅದನ್ನೂ ನನಗೆ ಯಾರೂ ಹೇಳಲಿಲ್ಲ. ಡಬ್ಬಿಯ ಮುಚ್ಚಳ ತೆಗೆದಾಗಲೆಲ್ಲ ಆ ಕರಿ ಟೇಪಿನಿಂದ ಕಾಲುವೆಯ ನಾತ ಇನ್ನೂ ಹೊಡೆಯುತ್ತದೆ.